ಬೆಳಿಗ್ಗೆ ಮಾತ್ರ ಬರುವ ಮಿಸ್ಸಿಂಗ್

ಈ ಸಲದ ಮಳೆಗಾಲ ಶುರುವಾಗಿ ಹತ್ತು ದಿನ ಆಗಿರಬೇಕು, ನನ್ನ ಕಾರಿನ ಕನ್ನಡಿಯಲ್ಲಿ ಸದಾಶಿವಗಡದ ಗುಡ್ಡ ಎರಡೆರಡಾಗಿ ಕಾಣಲು ಶುರುವಾಯಿತು. ಕೋಡಿಬಾಗದ ಮನೆಯಿಂದ ಹೊರಟು ರಸ್ತೆಗೆ ಸೇರುವ ಮುಂಚೆ ಒಂದು ನಿಮಿಷ ನಿಲ್ಲಬೇಕಾಗುತ್ತದೆ. ಆಗ ಹಿಂದಿನ ಗುಡ್ಡ ಕನ್ನಡಿಯಲ್ಲಿ ಪೂರ್ತಿ ಬರುತ್ತದೆ. ದಿನಾ ನೋಡುವ ಗುಡ್ಡ. ಅವತ್ತು ಅದರ ಅಂಚು ನಡುಗುತ್ತಿತ್ತು. ಸ್ಟೇರಿಂಗ್ ಕೂಡ ಕೈಯಲ್ಲಿ ಗುಡುಗುಡು ಅನ್ನುತ್ತಿತ್ತು. ಸ್ವಲ್ಪ ರೇಸ್ ಮಾಡಿದರೆ ಗುಡ್ಡ ಒಂದಾಗುತ್ತಿತ್ತು, ಕಾಲು ತೆಗೆದರೆ ಮತ್ತೆ ಎರಡು.

ನನ್ನದು 1998ರ ಮಾರುತಿ 800. ಪೆಟ್ರೋಲು, ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಹಳೇ ಮಾದರಿ. ಶಿರಸಿಯಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ನಂಬರ್ ಪ್ಲೇಟಿನ ಮೇಲೆ ಈಗಲೂ ಕೆಎ 31 ಇದೆ. ಕೆಲಸಕ್ಕೆ ಕಾರವಾರಕ್ಕೆ ಬಂದ ಮೇಲೂ ಅದನ್ನೇ ಓಡಿಸುತ್ತಿದ್ದೇನೆ. ಎರಡು ವಾರಕ್ಕೊಮ್ಮೆ ಆಯಿಯನ್ನು ನೋಡಲು ದೇವಿಮನೆ ಘಟ್ಟ ಹತ್ತಿ ಊರಿಗೆ ಹೋಗುವುದೂ ಇದರಲ್ಲೇ. ಹಾಗಾಗಿ ಇದರ ದನಿ ನನಗೆ ಗೊತ್ತು. ಎಲ್ಲೋ ಏನೋ ತಪ್ಪಿದೆ ಅಂತ ಅನಿಸಿದರೆ ಅದು ಬರೀ ಅನಿಸಿಕೆ ಆಗಿರುವುದಿಲ್ಲ.

ಬಿಣಗಾ ಕಡೆ ಹೋಗುವ ಹೊಸ ಸುರಂಗದಲ್ಲಿ ಅದು ಸ್ಪಷ್ಟವಾಯಿತು. ಕಿಟಕಿ ಇಳಿಸಿದ್ದೆ. ಸೈಲೆನ್ಸರಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಟಪ್ ಟಪ್, ಖಾಲಿ. ಟಪ್ ಟಪ್, ಖಾಲಿ. ಈ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರ್. ಒಂದು, ಮೂರು, ಎರಡು ಅನ್ನುವ ಸರದಿಯಲ್ಲಿ, ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್ 240 ಡಿಗ್ರಿ ತಿರುಗಿದಾಗಲೆಲ್ಲ ಒಂದೊಂದು ಸಿಲಿಂಡರ್ ಹೊಡೆಯುತ್ತದೆ, ಅಂದರೆ ಅದರೊಳಗಿನ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ನಿಂತಲ್ಲೇ ಓಡುವಾಗ ನಿಮಿಷಕ್ಕೆ 900 ಸುತ್ತು ಅಂದುಕೊಂಡರೆ ಪ್ರತಿ ಸಿಲಿಂಡರ್ ಸೆಕೆಂಡಿಗೆ ಏಳೆಂಟು ಸಲ ಹೊಡೆಯಬೇಕು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಕೈಕೊಟ್ಟರೆ ಉಳಿದ ಮೂರು ಹೇಗೋ ಸಂಭಾಳಿಸುತ್ತವೆ. ಇಲ್ಲಿ ಒಂದು ಹೋದರೆ ಶಕ್ತಿಯಲ್ಲಿ ಮೂರನೇ ಒಂದು ಭಾಗ ಹೋಯಿತು. ಚಂಡೆಯಲ್ಲಿ ಒಂದು ಪೆಟ್ಟು ಬಿಟ್ಟುಹೋದರೆ ಆಟ ನೋಡುತ್ತ ಕೂತವರಿಗೆ ತಕ್ಷಣ ಗೊತ್ತಾಗುತ್ತದಲ್ಲ, ಹಾಗೆ.

ಗ್ಯಾರೇಜಿನವರು ಇದಕ್ಕೆ ಮಿಸ್ಸಿಂಗ್ ಅನ್ನುತ್ತಾರೆ. ಸರಿಯಾದ ಮಾತು. ಏನೋ ಒಂದು ಇರಬೇಕಾದ ಜಾಗದಲ್ಲಿ ಇಲ್ಲ.

ಈಗ ಸರಿ ಅದೆಯಲ್ಲ ಮೇಡಂ

ಶಾಲೆ ಬಿಟ್ಟು ಬರಲಾಗದ ಕಾರಣ ಗ್ಯಾರೇಜಿಗೆ ಹೋಗಿದ್ದು ಶನಿವಾರ ಮಧ್ಯಾಹ್ನ. ಅಷ್ಟು ಹೊತ್ತಿಗೆ ಎಂಜಿನ್ ಬಿಸಿಯಾಗಿತ್ತು. ಮಳೆ ಬಿಟ್ಟು ಬಿಸಿಲು ಬಂದಿತ್ತು. ಹುಡುಗ ಬಾನೆಟ್ ಎತ್ತಿ, ಎರಡು ಸಲ ರೇಸ್ ಮಾಡಿ, "ಈಗ ಸರಿ ಅದೆಯಲ್ಲ ಮೇಡಂ" ಅಂದ. ಬೆಳಿಗ್ಗೆ ಹೀಗಿರುವುದಿಲ್ಲ ಅಂದೆ. "ಹಳೇ ಗಾಡಿ, ಬೆಳಿಗ್ಗೆ ಹೊತ್ತು ಸ್ವಲ್ಪ ಹಂಗೇ" ಅಂದ. ಕೊನೆಗೆ ಸಿಲಿಂಡರಿನಲ್ಲಿ ಕಿಡಿ ಹಾರಿಸುವ ಮೂರೂ ಪ್ಲಗ್ ಬದಲಿಸಿಕೊಟ್ಟ. ಹಳೆಯವನ್ನು ಕೇಳಿ ಇಸಿದುಕೊಂಡೆ.

ಸೋಮವಾರ ಬೆಳಿಗ್ಗೆ ಮತ್ತೆ ಅದೇ ಕತೆ. ಎರಡನೇ ಗ್ಯಾರೇಜಿನವರು ಕಾರ್ಬುರೇಟರ್ ಬಿಚ್ಚಿ ತೊಳೆದರು, ನಿಂತಲ್ಲೇ ಓಡುವ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ತಿರುಗಿಸಿದರು. ನಡುಕ ಕಡಿಮೆಯಾದ ಹಾಗೆ ಕಂಡಿತು. ಆದರೆ ಕಾರು ಮೊದಲಿಗಿಂತ ಜೋರಾಗಿ ಕೂಗುತ್ತ ನಿಲ್ಲುತ್ತಿತ್ತು. ಮೂರನೆಯವರು ಬಾನೆಟ್ಟನ್ನೇ ಎತ್ತಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಇಥೆನಾಲ್ ಇದೆ, ಹಳೇ ಗಾಡಿಗೆ ಅದು ಆಗಿಬರುವುದಿಲ್ಲ, ಮಾರಿಬಿಡಿ ಅಂದರು.

ಇಥೆನಾಲ್ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಹಳೇ ಗಾಡಿಯ ರಬ್ಬರ್ ಪೈಪು, ವಾಷರುಗಳನ್ನು ಅದು ಹಾಳು ಮಾಡಬಹುದು. ನೀರನ್ನು ಹೀರಿಕೊಳ್ಳುವ ಗುಣ ಅದಕ್ಕಿದೆ. ಆದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಬೆಳಿಗ್ಗೆ ಟ್ಯಾಂಕಿನಲ್ಲಿ ಇರುವುದೂ ಅದೇ ಪೆಟ್ರೋಲು, ಮಧ್ಯಾಹ್ನ ಇರುವುದೂ ಅದೇ. ಹಾಗಾದರೆ ಮಧ್ಯಾಹ್ನ ಯಾಕೆ ಸರಿ ಓಡುತ್ತದೆ? ಯಾವ ಕಾರಣ ಹೇಳಿದರೂ ಅದು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಕೊಡದಿದ್ದರೆ ಅದು ಕಾರಣ ಅಲ್ಲ.

ಅವತ್ತಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಶುರು ಮಾಡಿದೆ. ರಾತ್ರಿ ಮಳೆ ಬಂತೋ ಇಲ್ಲವೋ. ಬೆಳಿಗ್ಗೆ ಮಿಸ್ಸಿಂಗ್ ಇತ್ತೋ ಇಲ್ಲವೋ. ಎಷ್ಟು ದೂರ ಹೋದ ಮೇಲೆ ಬಿಟ್ಟಿತು. ಏರಿನಲ್ಲಿ ಸಲೀಸಾಗಿ ಎಳೆಯಿತೋ, ಹಿಂದಕ್ಕೆ ಜಗ್ಗಿತೋ. ಹಾಲಿನ ಲೆಕ್ಕದ ಪಕ್ಕದಲ್ಲೇ ಈ ಲೆಕ್ಕ. ಮೂರು ವಾರದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ರಾತ್ರಿ ಮಳೆ ಇಲ್ಲದ ನಾಲ್ಕು ದಿನ ಮಿಸ್ಸಿಂಗೂ ಇರಲಿಲ್ಲ. ಸಣ್ಣ ನಡುಕ ಮಾತ್ರ ಇತ್ತು. ಆ ಸಣ್ಣ ನಡುಕದ ಬಗ್ಗೆ ನಾನು ಆಗ ಜಾಸ್ತಿ ಯೋಚನೆ ಮಾಡಲಿಲ್ಲ.

ಒಲೆಯ ಮೇಲಿನ ಪ್ಲಗ್

ಗ್ಯಾರೇಜಿನವನು ಕೊಟ್ಟ ಹಳೇ ಪ್ಲಗ್ಗುಗಳನ್ನು ಒಂದು ರಾತ್ರಿ ಪೇಪರ್ ಹಾಸಿ ಸಾಲಾಗಿ ಇಟ್ಟು ನೋಡಿದೆ. ಎರಡರ ಮೂತಿ ತಿಳಿ ಕಂದು, ಬಿಸ್ಕತ್ತಿನ ಬಣ್ಣ. ಚೆನ್ನಾಗಿ ಉರಿದ ಸಿಲಿಂಡರಿನ ಪ್ಲಗ್ ಹಾಗೇ ಇರಬೇಕು. ಉಳಿದ ಒಂದು ಮಾತ್ರ ಕಪ್ಪು. ಮೂಸಿದರೆ ಇನ್ನೂ ಪೆಟ್ರೋಲು ವಾಸನೆ. ಎಣ್ಣೆ ಅಂಟಿದ ಪ್ಲಗ್ ಜಿಡ್ಡಾಗಿ ಹೊಳೆಯುತ್ತದೆ, ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ. ಇದು ಹಾಗಿರಲಿಲ್ಲ. ಒಳಗೆ ಪೆಟ್ರೋಲು ಬಂದಿದೆ, ಉರಿದಿಲ್ಲ.

ಇದನ್ನು ನಾನು ಕಲಿತಿದ್ದು ಕಾರಿನಿಂದ ಅಲ್ಲ, ಅಪ್ಪಯ್ಯನ ಪಂಪಿನಿಂದ. ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಸೀಮೆಎಣ್ಣೆ ಪಂಪ್‌ಸೆಟ್ ಇತ್ತು. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಚಳಿಗಾಲದ ಬೆಳಿಗ್ಗೆ ತೋಟದಲ್ಲಿ ಮಂಜು ಬಿದ್ದಿರುತ್ತಿತ್ತು. ಅಪ್ಪಯ್ಯ ಹಗ್ಗ ಸುತ್ತಿ ಎಳೆಯುತ್ತಿದ್ದ. ಹತ್ತು ಸಲ ಎಳೆದರೂ ಬರೀ ಬುಸುಬುಸು. ಆಮೇಲೆ ಪ್ಲಗ್ ಬಿಚ್ಚಿ ಅಂಗೈಯಲ್ಲಿ ಇಟ್ಟು ನನಗೆ ತೋರಿಸುತ್ತಿದ್ದ. "ಕೂಸೇ, ನೋಡು. ಒದ್ದೆ ಆಜು. ಕಿಡಿ ಬತ್ತಿಲ್ಲೆ, ಅದ್ಕೇ ಪೆಟ್ರೋಲು ಹಂಗೇ ಉಳದ್ದು."

ಪ್ಲಗ್ಗನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ. ಬಚ್ಚಲ ಒಲೆಯ ಕೆಂಡ ಮುಂದೆ ಎಳೆದು, ಇಕ್ಕಳದಲ್ಲಿ ಹಿಡಿದು ಕಾಯಿಸುತ್ತಿದ್ದ. ಬಿಳಿ ಪಿಂಗಾಣಿಯ ಮೇಲಿನ ತೇವ ಸಣ್ಣಗೆ ಚುಂಯ್ ಅಂದು ಆರುತ್ತಿತ್ತು. ಬಿಸಿ ಬಿಸಿ ಇರುವಾಗಲೇ ಓಡಿಹೋಗಿ ಹಾಕಿದರೆ ಪಂಪ್ ಎರಡನೇ ಎಳೆತಕ್ಕೆ ಹೊಡೆಯುತ್ತಿತ್ತು. ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಅದೇ ಪಂಪು ಮಧ್ಯಾಹ್ನ ಒಂದೇ ಎಳೆತಕ್ಕೆ ಶುರುವಾಗುತ್ತಿತ್ತು.

ಇಷ್ಟು ನೆನಪಾದ ಮೇಲೆ ಸುಮ್ನೆ ಕೂರಲಾಗಲಿಲ್ಲ. ಒದ್ದೆಗೂ ಕಿಡಿಗೂ ಏನೋ ಜಗಳ ಇದೆ. ಅದು ಪೆಟ್ರೋಲಿನ ದಾರಿಯಲ್ಲಿ ಅಲ್ಲ, ಕರೆಂಟಿನ ದಾರಿಯಲ್ಲಿ. ಆದರೆ ಎಲ್ಲಿ?

ಅಂಕೋಲೆಯ ಮೇಸ್ತ್ರಿ

ತಂಗಿಯ ಮನೆ ಅಂಕೋಲೆಯಲ್ಲಿ. ಅವಳ ಗಂಡ ಒಬ್ಬರು ವಯಸ್ಸಾದ ಮೇಸ್ತ್ರಿಯ ಬಗ್ಗೆ ಹೇಳಿದ. ಮೊದಲು ಲಾರಿ, ಜೀಪು ರಿಪೇರಿ ಮಾಡುತ್ತಿದ್ದವರು. ಈಗ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗೊತ್ತಿದ್ದವರ ಗಾಡಿ ಮಾತ್ರ ನೋಡುತ್ತಾರೆ. ಫೋನ್ ಮಾಡಿ ಶುರುವಿನಿಂದ ಎಲ್ಲ ಹೇಳಿದೆ. ಅವರು ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು. "ಅಕ್ಕೋರೇ, ಎಷ್ಟು ಗಂಟಿಗೆ ತಪ್ತದೆ ಅದು?"

ಅಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನನಗೆ ಗಂಟಲು ಕಟ್ಟಿತು ಅಂದರೆ ಜಾಸ್ತಿ ಹೇಳಿದ ಹಾಗಲ್ಲ. ಕ್ಯಾಲೆಂಡರಿನಲ್ಲಿ ಬರೆದದ್ದನ್ನು ಓದಿ ಹೇಳಿದೆ. "ಹಂಗಾರೆ ಹಗಲಿಗೆ ತಂದ್ರೆ ಉಪಯೋಗಿಲ್ಲ. ಶನಿವಾರ ಸಂಜೀಕೆ ತಂದು ಬಿಟ್ಟು ಹೋಗಿ, ಹೊರಗೇ ಇಡುವ, ಮಳೆಲಿ ನೆನೀಲಿ. ಆಯ್ತವಾರ ಐದೂವರೆಗೆ ಬನ್ನಿ" ಅಂದರು.

ನಾನು ಕೊಡೆ ಹಿಡಿದು ಹೋದಾಗ ಇನ್ನೂ ಕತ್ತಲೆ. ಜಿಟಿಜಿಟಿ ಮಳೆ. ಕಾರು ರಾತ್ರಿಯೆಲ್ಲ ತೆಂಗಿನ ಮರದ ಕೆಳಗೆ ನೆನೆದಿತ್ತು. ಮೇಸ್ತ್ರಿ ಕಾರನ್ನು ಶೆಡ್ಡಿನ ಬಾಗಿಲ ತನಕ ದೂಡಿಸಿದರು. ಸ್ಟಾರ್ಟ್ ಮಾಡಲು ಬಿಡಲಿಲ್ಲ. ಬಾನೆಟ್ ಎತ್ತಿ ಯಾವುದನ್ನೂ ಮುಟ್ಟದೆ ಸುಮಾರು ಹೊತ್ತು ನೋಡಿದರು. ಆಮೇಲೆ ಚೋಕ್ ಎಳೆದು ಸೆಲ್ಫ್ ಹೊಡೆಯಲು ಹೇಳಿದರು. ಕಾರು ಎದ್ದಿತು, ಕುಂಟುತ್ತ ನಿಂತಿತು. ಟಪ್ ಟಪ್, ಖಾಲಿ.

"ಲೈಟ್ ತೆಗೀರಿ" ಅಂದರು. ಶೆಡ್ಡಿನ ಬಲ್ಬು ಆರಿತು.

ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಂಡಿತು. ಮೂರೂ ಪ್ಲಗ್ಗಿಗೆ ಸರದಿಯಲ್ಲಿ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ, ವೈರುಗಳು ಹೊರಬರುವ ಎರಡು ಕೊಂಬುಗಳ ನಡುವೆ, ಕೂದಲೆಳೆಯಷ್ಟು ತೆಳು ನೀಲಿ ಗೆರೆ. ಬರುತ್ತಿತ್ತು, ಹೋಗುತ್ತಿತ್ತು. ಜೇಡದ ಕಾಲು ಆಡಿದ ಹಾಗೆ. ಪ್ರತಿ ಸಲ ಅದು ಬಂದಾಗಲೂ ಸೈಲೆನ್ಸರಿನಲ್ಲಿ ಒಂದು ಪೆಟ್ಟು ತಪ್ಪುತ್ತಿತ್ತು. ಕಣ್ಣಿಗೆ ಕಾಣುವುದೂ ಕಿವಿಗೆ ಕೇಳುವುದೂ ಒಂದೇ ಅಂತ ನನಗೆ ಆ ಕ್ಷಣ ಗೊತ್ತಾಯಿತು. ನಾನೂ ಅವರೂ ಮಾತಾಡದೆ ನೋಡುತ್ತ ನಿಂತೆವು.

ಬ್ಯಾಟರಿಯ ವೋಲ್ಟು ಏರಿಸಿ ಕೊಡುವ ಕಾಯಿಲಿನಿಂದ ಬರುವ ಕರೆಂಟು 10,000 ವೋಲ್ಟಿಗಿಂತ ಜಾಸ್ತಿ. ಅದಕ್ಕೆ ಎಲ್ಲಿ ಸುಲಭದ ದಾರಿ ಸಿಗುತ್ತದೋ ಅಲ್ಲಿ ಹೋಗುತ್ತದೆ. ಸಿಲಿಂಡರಿನ ಒಳಗೆ ಗಾಳಿ ಒತ್ತಿಕೊಂಡಿರುವಾಗ ಪ್ಲಗ್ಗಿನ ತುದಿಯಲ್ಲಿ ಹಾರುವುದು ಅದಕ್ಕೆ ಕಷ್ಟದ ಕೆಲಸ. ಹೊರಗೆ ಕ್ಯಾಪಿನ ಮೇಲೆ ಧೂಳು, ಸಮುದ್ರದ ಗಾಳಿಯ ಉಪ್ಪು, ಅದರ ಮೇಲೆ ರಾತ್ರಿಯ ತೇವ. ಕರೆಂಟಿಗೆ ಬೇರೆ ದಾರಿ ಯಾಕೆ ಬೇಕು? ಎಂಜಿನ್ ಬಿಸಿಯಾಗಿ ತೇವ ಆರಿದ ಮೇಲೆ ಆ ದಾರಿ ಮುಚ್ಚುತ್ತದೆ, ಕಿಡಿ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನ ಯಾಕಿಲ್ಲ ಅನ್ನುವುದಕ್ಕೆ ಇದು ಉತ್ತರ. ಏರಿನಲ್ಲಿ ಯಾಕೆ ಜಗ್ಗುತ್ತಿತ್ತು ಅನ್ನುವುದಕ್ಕೂ ಇದೇ ಉತ್ತರ. ಜೋರು ಒತ್ತಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ಹೋಗುತ್ತದೆ, ಒತ್ತಡ ಏರುತ್ತದೆ, ಕಿಡಿ ಹಾರಲು ಇನ್ನೂ ಜಾಸ್ತಿ ವೋಲ್ಟು ಬೇಕಾಗುತ್ತದೆ.

ಮೇಸ್ತ್ರಿ ಅಷ್ಟಕ್ಕೇ ಒಪ್ಪಲಿಲ್ಲ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಒಂದೊಂದೇ ಪ್ಲಗ್ ವೈರ್ ಎತ್ತಿ ನೋಡಿದರು. ಒಂದನೆಯದು ತೆಗೆದಾಗ ಎಂಜಿನ್ ಇನ್ನೂ ಕುಸಿಯಿತು. ಮೂರನೆಯದು ತೆಗೆದಾಗಲೂ ಕುಸಿಯಿತು. ಎರಡನೆಯದು ತೆಗೆದಾಗ ಏನೂ ಆಗಲಿಲ್ಲ. ಕೆಲಸ ಮಾಡದವನು ರಜೆ ಹಾಕಿದರೆ ಏನು ವ್ಯತ್ಯಾಸ, ಅಲ್ವಾ. (ಇದನ್ನು ಬರಿಗೈಯಲ್ಲಿ ಮಾಡಬಾರದು, ಜಾಸ್ತಿ ಹೊತ್ತೂ ಮಾಡಬಾರದು. ಹೊಸ ಗಾಡಿಗಳಲ್ಲಿ ಹೀಗೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆ ಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು.) ಆಮೇಲೆ ಎಂಜಿನ್ ಆಫ್ ಮಾಡಿ, ಕ್ಯಾಪ್ ಬಿಚ್ಚಿ, ಒಣ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ ಹಾಕಿದರು. ಮೂರೂ ಹೊಡೆಯಿತು. ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿಯಿಂದ ಕ್ಯಾಪಿನ ಮೇಲೆ ಎರಡು ಸಲ ಚಿಮುಕಿಸಿದರು. ಮತ್ತೆ ಎರಡೇ ಹೊಡೆಯಿತು. "ಈಗ ಆಯ್ತು" ಅಂದರು.

ಕ್ಯಾಪನ್ನು ಬಿಚ್ಚಿ, ಬಲ್ಬು ಹಾಕಿ, ನನ್ನ ಕೈಗೆ ಕೊಟ್ಟರು. ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ, ಎರಡನೇ ಕೊಂಬಿನ ಬುಡದಿಂದ ಮೂರನೆಯದರ ತನಕ. ಉಗುರು ಆಡಿಸಿದರೆ ಸಣ್ಣಗೆ ಸಿಕ್ಕಿಕೊಳ್ಳುತ್ತಿತ್ತು. ಬಿರುಕು. ಕರೆಂಟು ಹರಿದು ಹರಿದು ಅದರಲ್ಲಿ ಮಸಿ ಕೂತಿದೆ. ಮಸಿಯೂ ಕರೆಂಟನ್ನು ಸಾಗಿಸುತ್ತದೆ. ಹಾಗಾಗಿ ಒರೆಸಿದ್ದು ತಾತ್ಕಾಲಿಕ, ಕ್ಯಾಪ್ ಬದಲಿಸಲೇಬೇಕು. ವೈರುಗಳನ್ನೂ ಬದಲಿಸುವುದಾ ಅಂತ ಕೇಳಿದೆ. ಮೀಟರ್ ಹಚ್ಚಿ ಮೂರನ್ನೂ ನೋಡಿದರು. "ಇವು ಸರಿ ಅವೆ. ಸುಮ್ನೆ ಎಂತಕ್ಕೆ ದುಡ್ಡು ಹಾಕ್ತ್ರಿ?"

1983ರಲ್ಲಿ ಶುರುವಾಗಿ 2014ರ ತನಕ ತಯಾರಾದ ಕಾರು ಇದು. ಆದರೂ ಕಾರ್ಬುರೇಟರ್ ಮಾದರಿಯ ಕ್ಯಾಪ್ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂತು.

ಉಳಿದ ಸಣ್ಣ ನಡುಕ

ಹೊಸ ಕ್ಯಾಪ್ ಹಾಕಿದ ಮೇಲೆ ಒಂದು ವಾರ ಸುರಿದ ಮಳೆಯಲ್ಲೂ ಬೆಳಿಗ್ಗೆ ಒಂದು ಪೆಟ್ಟೂ ತಪ್ಪಲಿಲ್ಲ. ಏರಿನಲ್ಲಿ ಜಗ್ಗುವುದೂ ನಿಂತಿತು. ಆದರೆ ಕನ್ನಡಿಯಲ್ಲಿ ಗುಡ್ಡದ ಅಂಚು ಇನ್ನೂ ಮಸುಕಾಗಿತ್ತು. ಎಂಜಿನ್ ಬಿಸಿಯಾದ ಮೇಲೂ, ಬಿಸಿಲಿನಲ್ಲೂ, ನಿಂತಾಗ ನಡುಗುತ್ತಿತ್ತು. ಕ್ಯಾಲೆಂಡರಿನಲ್ಲಿ ನಾನು ಗಮನ ಕೊಡದೆ ಬಿಟ್ಟ ಸಣ್ಣ ನಡುಕ ಇದು. ದೊಡ್ಡ ತೊಂದರೆಯ ಹಿಂದೆ ನಿಂತುಕೊಂಡಿತ್ತು. ಎರಡನ್ನೂ ಒಂದೇ ಅಂತ ನಾನು ಅಂದುಕೊಂಡಿದ್ದೆ.

ಇದರ ಗುಣವೇ ಬೇರೆ. ಮಳೆಯ ಲೆಕ್ಕ ಇದಕ್ಕಿಲ್ಲ. ಓಡುವಾಗ ಇಲ್ಲ, ಏರಿನಲ್ಲಿ ಇಲ್ಲ. ಬರೀ ನಿಂತಾಗ. ಮೇಸ್ತ್ರಿಗೆ ಹೀಗೇ ಹೇಳಿದೆ. "ಹಂಗಾರೆ ಎಲ್ಲೋ ಗಾಳಿ ಎಳೀತದೆ" ಅಂದರು.

ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಕಾರ್ಬುರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್ ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ ಒಳಗೆ ಆ ಹೊತ್ತಿಗೆ ಎಳೆತ ತುಂಬ ಜಾಸ್ತಿ. ಎಲ್ಲಾದರೂ ಸಣ್ಣ ತೂತಿದ್ದರೆ ಅಲ್ಲಿಂದ ಕಳ್ಳ ಗಾಳಿ ನುಗ್ಗುತ್ತದೆ. ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ ಆಗಿ ಒಂದೊಂದು ಸಲ ಹೊತ್ತಿಕೊಳ್ಳುವುದೇ ಇಲ್ಲ. ರೇಸ್ ಮಾಡಿದಾಗ ಬಾಗಿಲು ತೆರೆದು ಗಾಳಿಯ ಹೊಳೆಯೇ ಬರುತ್ತದೆ. ಅದರಲ್ಲಿ ಈ ಸಣ್ಣ ತೊರೆ ಲೆಕ್ಕಕ್ಕೆ ಬರುವುದಿಲ್ಲ.

ಮೇಸ್ತ್ರಿ ಒಂದು ಮೊಳ ಉದ್ದದ ರಬ್ಬರ್ ಪೈಪ್ ತಂದರು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ನಿನ ಮೇಲೆ ನಿಧಾನಕ್ಕೆ ಸರಿಸುತ್ತ ಹೋದರು. ಒಂದು ಕಡೆ ನಿಂತು, ನನ್ನ ಕಡೆ ನೋಡಿ, ಪೈಪನ್ನು ನನ್ನ ಕಿವಿಗೆ ಹಿಡಿದರು. ಮೊದಲು ಬರೀ ಗಡಗಡ. ಅವರು ತುದಿಯನ್ನು ಒಂದಿಂಚು ಕೆಳಗೆ ಸರಿಸಿದರು. ಸುಯ್ಯ್ ಅಂತ ಒಂದು ಸಣ್ಣ ಸದ್ದು, ಯಾರೋ ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡ ಹಾಗೆ. ಕಾರ್ಬುರೇಟರಿನ ಕೆಳಗೆ ಮ್ಯಾನಿಫೋಲ್ಡಿಗೆ ಸೇರುವ ಬೆರಳುದ್ದದ ಒಂದು ರಬ್ಬರ್ ಪೈಪು. ಮೇಲಿನಿಂದ ನೋಡಿದರೆ ಸರಿಯಾಗೇ ಇತ್ತು. ಎಳೆದು ಬಗ್ಗಿಸಿದಾಗ ಅಡಿಭಾಗದಲ್ಲಿ ಬಾಯಿ ಬಿಟ್ಟಿತು. ರಬ್ಬರ್ ಒಣಗಿ ಗೆರಟೆಯಷ್ಟು ಗಟ್ಟಿಯಾಗಿತ್ತು. ಇದು ಪೆಟ್ರೋಲು ಹರಿಯುವ ಪೈಪಲ್ಲ. ವರ್ಷಾನುಗಟ್ಟಲೆ ಎಂಜಿನ್ನಿನ ಬಿಸಿಗೆ ಹೀಗಾಗಿದ್ದು.

ಹೊಸ ತುಂಡು ಹಾಕಿ ಕ್ಲಿಪ್ ಬಿಗಿದ ಕೂಡಲೆ ಎಂಜಿನ್ ಎದ್ದು ಕೂಗಲು ಶುರುವಾಯಿತು. ಎರಡನೇ ಗ್ಯಾರೇಜಿನವರು ನಡುಕ ಮುಚ್ಚಲು ಐಡ್ಲಿಂಗ್ ಏರಿಸಿಟ್ಟಿದ್ದರಲ್ಲ, ಅದು ಈಗ ಬಯಲಾಯಿತು. ಮೇಸ್ತ್ರಿ ಸ್ಕ್ರೂ ಹಿಂದಕ್ಕೆ ತಿರುಗಿಸಿದರು, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಪ್ರತಿ ಸಲ ತಿರುಗಿಸಿ ಕೇಳುತ್ತಿದ್ದರು. ನನಗೆ ಇಷ್ಟವಾಗಿದ್ದು ಇದೇ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಕೇಳುವುದು. ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಯಾರಿಗೆ ಗೊತ್ತು? ತಂಗಿಯ ಹೊಸ ಕಾರಿಗೆ ಸ್ಕ್ಯಾನರ್ ಹಚ್ಚಿದರೆ ಪಿ 0302 ಅಂತ ಬರಬಹುದು. ಎರಡನೇ ಸಿಲಿಂಡರ್ ತಪ್ಪುತ್ತಿದೆ ಅಂತ ಅದರ ಅರ್ಥ. ಅದು ದೊಡ್ಡ ಅನುಕೂಲವೇ. ಆದರೆ ಯಾಕೆ ತಪ್ಪುತ್ತಿದೆ ಅನ್ನುವುದನ್ನು ಅಲ್ಲೂ ಮನುಷ್ಯರೇ ಹುಡುಕಬೇಕು.

ಎಲ್ಲ ಬಿಚ್ಚಿದ್ದೇ ಆಯಿತು ಅಂತ ಮೂರೂ ಪ್ಲಗ್ ತೆಗೆದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏರುತ್ತದೆ ಅನ್ನುವುದನ್ನೂ ನೋಡಿದರು. ಒಂದು ಮತ್ತು ಎರಡು 160 ಪಿಎಸ್‌ಐ ಆಸುಪಾಸು, ಮೂರನೆಯದು 140. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರು. ಪಿಸ್ಟನ್ನಿನ ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಮೇಲೆ ಏರುತ್ತದೆ. ಏರಲಿಲ್ಲ. ಹಾಗಾದರೆ ಸಿಲಿಂಡರಿನ ಬಾಯಿ ಮುಚ್ಚಿ ತೆರೆಯುವ ವಾಲ್ವ್ ಪೂರ್ತಿ ಕೂರುತ್ತಿಲ್ಲ, ಗ್ಯಾಪ್ ಕಮ್ಮಿಯಾಗಿರಬೇಕು. ಈಗಲೇ ತೊಂದರೆ ಕೊಡುವಂಥದ್ದಲ್ಲ, ಬಿಟ್ಟರೆ ವಾಲ್ವ್ ಸುಡುತ್ತದೆ ಅಂದರು.

ಹೋದ ವಾರ ದೇವಿಮನೆ ಘಟ್ಟ ಹತ್ತಿದೆ. ಕತಗಾಲ ದಾಟಿದ ಮೇಲೆ ಮಳೆ, ಮೇಲೆ ಬಂದಾಗ ಮಂಜು. ಎರಡನೇ ಗೇರಿನಲ್ಲಿ ಒಂದೇ ಸಮನೆ ಎಳೆಯಿತು. ರಾಗಿಹೊಸಳ್ಳಿ ಹತ್ತಿರ ಚಾ ಕುಡಿಯಲು ನಿಲ್ಲಿಸಿದಾಗ ಎಂಜಿನ್ ಆಫ್ ಮಾಡದೆ ಎರಡು ನಿಮಿಷ ಸುಮ್ನೆ ಕೂತು ಕೇಳಿದೆ. ಕನ್ನಡಿಯಲ್ಲಿ ಹಿಂದಿನ ಮರದ ಟೊಂಗೆಗಳು ಒಂದೊಂದೇ ಕಾಣುತ್ತಿದ್ದವು.

ವಾಲ್ವ್ ಗ್ಯಾಪ್ ಕೆಲಸ ದಸರಾ ರಜೆಗೆ ಇಟ್ಟುಕೊಂಡಿದ್ದೇವೆ. ಅದನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಬೇಕಂತೆ. ಹಿಂದಿನ ದಿನ ಸಂಜೆಯೇ ತಂದು ಬಿಡಿ ಅಂದಿದ್ದಾರೆ ಮೇಸ್ತ್ರಿ. ತಂಗಿಗೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ, ಆ ರಾತ್ರಿ ನಿನ್ನ ಮನೆಗೇ ಬರುತ್ತೇನೆ ಅಂತ.